ಬೇಲಿಯಾಚೆ ಬರಲಿರುವ ಸದ್ದು

ಪಕ್ಕದ ತೋಟ ಕೈ ಬದಲಾಯಿತು, ಗೊತ್ತಾಯಿತೇ ಮೇಷ್ಟ್ರೇ? ಮೊನ್ನೆ ಲಾರಿಯಲ್ಲಿ ತಗಡಿನ ಶೀಟು ತಂದು ಇಳಿಸಿಹೋದರು. ಇನ್ನು ಸುತ್ತ ತಗಡು ಏಳುತ್ತದೆ, ಆಮೇಲೆ ಮಾವಿನ ಮರ ಬೀಳುತ್ತವೆ, ಆಮೇಲೆ ಗುಂಡಿ, ಗುಂಡಿಯ ಮೇಲೆ ನಾಲ್ಕು ಟವರು, ಐನೂರೋ ಆರುನೂರೋ ಮನೆ. ಬರಲಿ. ಬೆಂಗಳೂರಿಗೆ ದುಡಿಯಲು ಬಂದವರಿಗೆ ಮನೆ ಬೇಕು. ಈ ನಮ್ಮ ಬೀದಿಯೂ ಒಂದು ಕಾಲಕ್ಕೆ ರಾಗಿ ಹೊಲವೇ. ಅವರು ಬರಬಾರದು ಅನ್ನುವ ಹಟ ನನಗಿಲ್ಲ. ಅವರ ಜೊತೆ ಬರುವ ಸದ್ದು ಎಷ್ಟಿರಬೇಕು, ಯಾವ ಹೊತ್ತಿನಲ್ಲಿರಬೇಕು, ಯಾವ ದಿಕ್ಕಿಗೆ ಮುಖ ಮಾಡಬೇಕು ಅನ್ನುವ ಮಾತನ್ನು ಮಾತ್ರ ಈಗಲೇ ಆಡಿಬಿಡಬೇಕು. ನಕ್ಷೆ ಇನ್ನೂ ಕಾಗದದ ಮೇಲಿದ್ದರೆ ಜನರೇಟರನ್ನು ಈ ಮೂಲೆಯಿಂದ ಆ ಮೂಲೆಗೆ ಸರಿಸಲು ಒಂದು ಪೆನ್ಸಿಲ್ಲು ಸಾಕು. ಕಾಂಕ್ರೀಟ್ ಹಾಕಿದ ಮೇಲೆ ಯಾರೂ ಸರಿಸುವುದಿಲ್ಲ.

ನಾವು ಮಾಡಬೇಕಾದ ಮೊದಲ ಕೆಲಸ, ಈಗ ಇಲ್ಲಿ ಎಷ್ಟು ಸದ್ದಿದೆ ಅಂತ ಅಳೆದು ಬರೆದಿಡುವುದು. ನೀವು ಇತಿಹಾಸ ಪಾಠ ಮಾಡಿದವರು, ದಾಖಲೆಯ ಬೆಲೆ ನಿಮಗೆ ನಾನು ಹೇಳಬೇಕಾಗಿಲ್ಲ. ಮೂರು ವರ್ಷದ ಮೇಲೆ ಮೋಟಾರು ರಾತ್ರಿಯಿಡೀ ಗುಂಯ್‌ಗುಟ್ಟಿದಾಗ, ‘ಮುಂಚೆ ಇಲ್ಲಿ ಇಷ್ಟು ಸದ್ದಿರಲಿಲ್ಲ’ ಅಂದರೆ ಅಧಿಕಾರಿ ಕೇಳುವುದು ಒಂದೇ ಪ್ರಶ್ನೆ: ಮುಂಚೆ ಎಷ್ಟಿತ್ತು? ಅದಕ್ಕೆ ಉತ್ತರ ನಮ್ಮ ಕೈಯಲ್ಲಿರಬೇಕು. ತಗಡು ಏಳುವ ಮುಂಚೆ, ಒಂದು ಕೆಲಸದ ದಿನ, ಒಂದು ಭಾನುವಾರ, ಎರಡು ದಿನವೂ 24 ಗಂಟೆ ಅಳೆಯಬೇಕು. ಮೀಟರನ್ನು ನೆಲದಿಂದ ಆಳೆದೆಯ ಎತ್ತರದಲ್ಲಿ, ಗೋಡೆಗೆ ಅಂಟಿಸದೆ ಮೂರು ಮೂರೂವರೆ ಮೀಟರ್ ಈಚೆಗೆ ಇಡಬೇಕು. ಗೋಡೆಯ ಪಕ್ಕದಲ್ಲಿಟ್ಟರೆ ಗೋಡೆಗೆ ಬಡಿದು ಹಿಂದಿರುಗಿದ ಸದ್ದೂ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. ಮೈಕಿನ ತುದಿಗೆ ಸ್ಪಂಜಿನ ಟೋಪಿ ಹಾಕದಿದ್ದರೆ ಗಾಳಿಯ ಬುಸುಗುಟ್ಟುವಿಕೆಯೇ ದಾಖಲಾಗುತ್ತದೆ. ಫೋನಿನಲ್ಲಿರುವ ಆ್ಯಪ್ ನಿನ್ನೆಗೂ ಇವತ್ತಿಗೂ ಹೋಲಿಸಿ ನೋಡಲು ಪರವಾಗಿಲ್ಲ, ಕಚೇರಿಗೆ ಕೊಡುವ ಕಾಗದಕ್ಕೆ ಸಾಲದು.

ಈ ಅಳತೆಯಲ್ಲಿ ಒಂದು ಸೂಕ್ಷ್ಮವಿದೆ, ಅದನ್ನು ಬಿಟ್ಟರೆ ಇಡೀ ಲೆಕ್ಕ ತಲೆಕೆಳಗಾಗುತ್ತದೆ. ಮಳೆ ಬಿದ್ದ ರಾತ್ರಿ ನಮ್ಮ ಹಿಂದಿನ ಹಳ್ಳದಲ್ಲಿ ಕಪ್ಪೆಗಳು ವಟಗುಟ್ಟುವುದು ಕೇಳಿದ್ದೀರಲ್ಲ, ಅದರ ಮೇಲೆ ಜೀರುಂಡೆ ಬೇರೆ. ಆ ರಾತ್ರಿ ಯಾರಾದರೂ ಮೀಟರ್ ಇಟ್ಟು ಹೋದರೆ ಅಂಕಿ ಮೇಲಕ್ಕೇ ನಿಲ್ಲುತ್ತದೆ. ‘ಇಲ್ಲಿ ಮೊದಲೇ ಮಿತಿ ಮೀರಿದ ಸದ್ದಿದೆ, ನಮ್ಮ ಯಂತ್ರದಿಂದ ಹೆಚ್ಚೇನೂ ಆಗುವುದಿಲ್ಲ’ ಅಂತ ವರದಿ ಬರೆಯಲು ಅಷ್ಟು ಸಾಕು. ಆದರೆ ಕಪ್ಪೆ ಜೀರುಂಡೆಗಳ ಕೀಚಲು ಬೇರೆ, ಮೋಟಾರಿನ ದಪ್ಪ ಮೊರೆತ ಬೇರೆ. ಒಂದು ಇನ್ನೊಂದನ್ನು ಮುಚ್ಚುವುದಿಲ್ಲ. ಬೇಸಿಗೆಯ ಒಣ ರಾತ್ರಿ ಕಪ್ಪೆ ಇರುವುದಿಲ್ಲ, ಮೋಟಾರು ಇರುತ್ತದೆ. ಅದಕ್ಕೇ ಒಣ ರಾತ್ರಿಯಲ್ಲೂ ಅಳೆಯಬೇಕು. ಬರೀ ಸರಾಸರಿ ಸಾಲದು, ಎಲ್-90 ಅನ್ನುವ ಅಂಕಿಯನ್ನೂ ಕೇಳಿ ಪಡೆಯಬೇಕು. ಅಳೆದ ಹೊತ್ತಿನ ನೂರರಲ್ಲಿ ತೊಂಬತ್ತು ಪಾಲು ಸದ್ದು ಯಾವ ಮಟ್ಟಕ್ಕಿಂತ ಕೆಳಗಿಳಿಯಲಿಲ್ಲವೋ ಅದು ಎಲ್-90. ಒಂದು ಬೈಕು ಹೋದದ್ದು, ಒಂದು ನಾಯಿ ಬೊಗಳಿದ್ದು ಅದನ್ನು ಕೆಡಿಸುವುದಿಲ್ಲ. ನಾವು ಮಲಗುವ ನಿಜವಾದ ನಿಶ್ಶಬ್ದ ಎಷ್ಟು ಅಂತ ಹೇಳುವುದು ಅದೇ.

ಕಾನೂನಿನ ಅಂಕಿ ನಿಮಗೆ ಬಾಯಿಪಾಠವಾಗಲಿ ಮೇಷ್ಟ್ರೇ, ನಾಳೆ ಸಭೆಯಲ್ಲಿ ಬೇಕಾಗುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬಲ್, ರಾತ್ರಿ 45. ವಾಣಿಜ್ಯ ಪ್ರದೇಶಕ್ಕೆ 65 ಮತ್ತು 55. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಅಂತ ಮಾಡಬಹುದು, ಅಲ್ಲಿ 50 ಮತ್ತು 40. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಹಗಲು, ಉಳಿದದ್ದು ರಾತ್ರಿ. ಮಿತಿಗಿಂತ 10 ಡೆಸಿಬಲ್ ಅಥವಾ ಅದಕ್ಕೂ ಹೆಚ್ಚು ಮೀರಿದರೆ ದೂರು ಕೊಡಬಹುದು. ಇದು ನನಗೆ ಸರಿಕಾಣುವುದಿಲ್ಲ. ವಸತಿ ಬೀದಿಯ ರಾತ್ರಿ 54 ಡೆಸಿಬಲ್ ಸದ್ದಿನಲ್ಲಿ ಒಂದು ಹಸುಗೂಸು ಮಲಗಬೇಕು ಅಂದರೆ ಹೇಗೆ? ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಮಲಗುವ ಕೋಣೆಯ ಒಳಗೆ ಎಡೆಬಿಡದ ಸದ್ದು 30 ಡೆಸಿಬಲ್ ದಾಟಬಾರದು ಅಂದಿತ್ತು. ಬೇಸಿಗೆಯಲ್ಲಿ ಕಿಟಕಿ ತೆರೆದೇ ಮಲಗುವ ಊರು ನಮ್ಮದು. ತೆರೆದ ಕಿಟಕಿ ತಡೆಯುವ ಸದ್ದು ತೀರ ಕಡಿಮೆ.

ಡೆಸಿಬಲ್‌ನ ಲೆಕ್ಕ ನಮ್ಮ ಸಾಮಾನ್ಯ ಕೂಡು-ಕಳೆಗೆ ಬಗ್ಗುವುದಿಲ್ಲ. 60 ಡೆಸಿಬಲ್ ಮಾಡುವ ಎರಡು ಯಂತ್ರ ಒಟ್ಟಿಗೆ ಓಡಿದರೆ 120 ಆಗುವುದಿಲ್ಲ, 63 ಆಗುತ್ತದೆ. ‘ಮೂರೇ ತಾನೇ ಹೆಚ್ಚಿದ್ದು’ ಅಂತ ಯಾರಾದರೂ ಅಂದರೆ, ಸದ್ದಿನ ಶಕ್ತಿ ಎರಡು ಪಟ್ಟಾಗಿದೆ ಅಂತಲೇ ಅದರ ಅರ್ಥ. ಹತ್ತು ಹೆಚ್ಚಿದರೆ ಶಕ್ತಿ ಹತ್ತು ಪಟ್ಟು. ಕಿವಿಗೆ ಸುಮಾರು ಎರಡು ಪಟ್ಟು ಜೋರು. ತಿರುಗಿಸಿ ನೋಡಿದರೆ, ಗದ್ದಲದ ಕೆಲಸವನ್ನು ಎಂಟು ಗಂಟೆಯಿಂದ ನಾಲ್ಕು ಗಂಟೆಗೆ ಇಳಿಸಿದರೂ ದಿನದ ಸರಾಸರಿಯಲ್ಲಿ ಇಳಿಯುವುದು ಮೂರೇ ಡೆಸಿಬಲ್. ಹಾಗಾಗಿ ಸರಾಸರಿಯೊಂದನ್ನೇ ಹಿಡಿದು ಕೂತರೆ ನಮ್ಮ ಕಷ್ಟ ಕಾಗದದಲ್ಲಿ ಕಾಣುವುದೇ ಇಲ್ಲ.

ಜನರೇಟರಿನ ಲೆಕ್ಕ ಒಂದು ಮಾಡೋಣ ಬನ್ನಿ. ಸಾವಿರ ಕೆವಿಎ ತನಕದ ಡೀಸೆಲ್ ಜನರೇಟರ್ ತನ್ನ ಪೆಟ್ಟಿಗೆಯಿಂದ 1 ಮೀಟರ್ ದೂರದಲ್ಲಿ 75 ಡೆಸಿಬಲ್ ಮೀರಬಾರದು ಅಂತ ನಿಯಮವಿದೆ. ಬಯಲಿನಲ್ಲಿ ದೂರ ಎರಡು ಪಟ್ಟಾದ ಹಾಗೆಲ್ಲ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. 2 ಮೀಟರಿಗೆ 69, 4ಕ್ಕೆ 63, 8ಕ್ಕೆ 57, 16ಕ್ಕೆ 51, 32 ಮೀಟರಿಗೆ 45. ಅಂದರೆ ನಿಯಮದ ಪ್ರಕಾರವೇ ಇರುವ ಒಂದು ಜನರೇಟರ್ ನಮ್ಮ ಕಿಟಕಿಯಿಂದ 32 ಮೀಟರ್ ದೂರವಿದ್ದರೆ ರಾತ್ರಿಯ ಮಿತಿಗೆ ಸರಿಯಾಗಿ ಬಂದು ನಿಲ್ಲುತ್ತದೆ. ನಾಲ್ಕು ಟವರಿಗೆ ನಾಲ್ಕು ಜನರೇಟರ್ ಸಾಲಾಗಿ ಇಟ್ಟರೆ ಇನ್ನೂ 6 ಸೇರುತ್ತದೆ, ಆಗ 64 ಮೀಟರ್ ಬೇಕು. ಇದು ಬಯಲಿನ ಮಾತು. ಯಂತ್ರ ದೊಡ್ಡದಾದರೆ ಅದರ ಹತ್ತಿರದಲ್ಲಿ ಸದ್ದು ಇಷ್ಟು ಬೇಗ ಇಳಿಯುವುದಿಲ್ಲ, ಹಿಂದೆ ಗೋಡೆಯಿದ್ದರೆ ಅದು ನಮ್ಮ ಕಡೆಗೇ ತಳ್ಳುತ್ತದೆ. ಇಂಥ ನಿವೇಶನಗಳಲ್ಲಿ ಜನರೇಟರ್ ಇಡುವುದು ಸಾಮಾನ್ಯವಾಗಿ ಎಲ್ಲಿ? ಮುಂದೆ ಹೂದೋಟ, ಈಜುಕೊಳ. ಹಿಂದಿನ ಕಾಂಪೌಂಡಿನ ಮೂಲೆಯಲ್ಲಿ ಜನರೇಟರ್, ಕಸದ ಕೋಣೆ, ಕೊಳಚೆ ನೀರು ಶುದ್ಧಿಮಾಡುವ ಘಟಕ. ಹಿಂದಿನ ಕಾಂಪೌಂಡು ಅಂದರೆ ನಮ್ಮ ಈ ಬೇಲಿ ಮೇಷ್ಟ್ರೇ.

ಕೊಳಚೆ ನೀರಿನ ಘಟಕದ ಬಗ್ಗೆ ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ. ಕರೆಂಟು ಹೋದಾಗ ಮಾತ್ರ ಜನರೇಟರ್ ಓಡುತ್ತದೆ. ಇದಕ್ಕೆ ಆ ಬಿಡುವೂ ಇಲ್ಲ. ನೀರಿನಲ್ಲಿರುವ ಸೂಕ್ಷ್ಮಜೀವಿಗಳು ಕೊಳೆಯನ್ನು ತಿಂದು ಬದುಕಬೇಕಾದರೆ ಗಾಳಿ ಊದುತ್ತಲೇ ಇರಬೇಕು. ಬ್ಲೋವರ್ ಹಗಲು ರಾತ್ರಿ ಓಡಬೇಕು, ನಿಲ್ಲಿಸಿದರೆ ಜೀವಿಗಳು ಸಾಯುತ್ತವೆ, ನೀರು ನಾರುತ್ತದೆ. ಹಾಗಾಗಿ ‘ರಾತ್ರಿ ನಿಲ್ಲಿಸಿ’ ಅಂತ ಕೇಳುವುದು ನ್ಯಾಯವಲ್ಲ, ಆ ಘಟಕ ಚೆನ್ನಾಗಿ ನಡೆಯುವುದು ನಮ್ಮ ಕೆರೆಗೂ ಬೇಕು. ಕೇಳಬೇಕಾದದ್ದು ಬೇರೆ. ಬ್ಲೋವರ್‌ನ ಮೇಲೆ ಸದ್ದಡಗಿಸುವ ಹುಡ್ ಇದೆಯೇ? ಗಾಳಿ ಒಳಗೆ ಹೋಗುವ, ಹೊರಗೆ ಬರುವ ಕೊಳವೆಗಳಿಗೆ ಸೈಲೆನ್ಸರ್ ಇದೆಯೇ? ಯಂತ್ರ ನೇರವಾಗಿ ಕಾಂಕ್ರೀಟಿನ ಮೇಲೆ ಕೂತಿದೆಯೋ, ರಬ್ಬರಿನ ಅಥವಾ ಸ್ಪ್ರಿಂಗಿನ ಕಾಲಿನ ಮೇಲೆ ಕೂತಿದೆಯೋ? ನೇರ ಕೂತರೆ ನಡುಕ ಕಂಬ, ತೊಲೆ, ಕೊಳವೆಗಳಲ್ಲಿ ಹರಿದು ಮೇಲಿನ ಮನೆಗಳವರೆಗೂ ಹೋಗುತ್ತದೆ. ಆ ಸದ್ದಿನಿಂದ ಮೊದಲು ನಿದ್ದೆಗೆಡುವವರು ಅಲ್ಲಿ ಸಾಲ ಮಾಡಿ ಮನೆ ಕೊಳ್ಳುವವರೇ. ಈ ವಿಷಯದಲ್ಲಿ ಅವರೂ ನಾವೂ ಒಂದೇ ಕಡೆ.

ಇನ್ನು ಆ ಘಟಕದ ಕೋಣೆಯ ಕಿಂಡಿ, ಎಕ್ಸಾಸ್ಟ್ ಫ್ಯಾನು. ಗೋಡೆ ಎಷ್ಟೇ ದಪ್ಪವಿರಲಿ, ಸದ್ದು ನೀರಿನ ಹಾಗೆ, ಸಂದಿ ಹುಡುಕಿಕೊಂಡು ಹರಿಯುತ್ತದೆ. ಬಾಗಿಲ ಕೆಳಗಿನ ಎರಡು ಬೆರಳ ಸಂದಿಯೇ ಸಾಕು, ಇಡೀ ಗೋಡೆಯ ಕೆಲಸ ದಂಡ. ಕಿಂಡಿಯನ್ನು ಅವರ ಒಳರಸ್ತೆಯ ಕಡೆಗೆ ತಿರುಗಿಸಿ, ಬಾಗಿಲಿಗೆ ರಬ್ಬರಿನ ಅಂಚು ಕೊಡಿ ಅಂತ ನಕ್ಷೆಯ ಹಂತದಲ್ಲೇ ಕೇಳಿದರೆ ಯಾವ ಎಂಜಿನಿಯರಿಗೂ ಅದು ಹೊರೆಯಲ್ಲ. ರಾತ್ರಿ ಫ್ಯಾನಿನ ವೇಗವನ್ನು ಐದರಲ್ಲಿ ಒಂದು ಪಾಲು ತಗ್ಗಿಸಿದರೂ ಸುಮಾರು 5 ಡೆಸಿಬಲ್ ಇಳಿಯುತ್ತದೆ. ವೇಗ ತಗ್ಗಿಸುವ ಡ್ರೈವ್ ಹಾಕಿದರೆ ಕರೆಂಟೂ ಉಳಿಯುತ್ತದೆ.

ಇಷ್ಟು ದೊಡ್ಡ ಯೋಜನೆಗೆ ಪರಿಸರ ಅನುಮತಿ ಬೇಡವೇ ಅಂತ ಕೇಳುತ್ತೀರಿ. 2006ರ ಅಧಿಸೂಚನೆಯ ಪ್ರಕಾರ 20,000 ಚದರ ಮೀಟರ್ ಮತ್ತು ಅದಕ್ಕಿಂತ ಹೆಚ್ಚು ಕಟ್ಟುವವರು ಕೆಲಸ ಶುರುಮಾಡುವ ಮುಂಚೆಯೇ ಅನುಮತಿ ಪಡೆಯಬೇಕು. ಆದರೆ ಅದೇ ಅಧಿಸೂಚನೆ ಕಟ್ಟಡ, ಟೌನ್‌ಶಿಪ್ ಯೋಜನೆಗಳನ್ನು ಸಾರ್ವಜನಿಕ ಅಹವಾಲಿನಿಂದ ಹೊರಗಿಟ್ಟಿದೆ. ಗಣಿಗೆ, ಕಾರ್ಖಾನೆಗೆ ಊರವರನ್ನು ಕರೆದು ಕೇಳುತ್ತಾರೆ. ನಮ್ಮ ಗೋಡೆಗೆ ಒತ್ತಿಕೊಂಡು ಏಳುವ ಕಟ್ಟಡಕ್ಕೆ ನಮ್ಮನ್ನು ಯಾರೂ ಕೇಳುವುದಿಲ್ಲ. ಇದು ತಪ್ಪು ಅಂತ ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ಆ ಬಾಗಿಲು ಮುಚ್ಚಿದ್ದರೂ ಕಿಟಕಿಗಳಿವೆ. ಅರ್ಜಿ ಪರಿವೇಶ್ ಜಾಲತಾಣದಲ್ಲಿ ಕಾಣಿಸುತ್ತದೆ. ಅನುಮತಿ ಸಿಕ್ಕಿದ್ದನ್ನು ಸ್ಥಳೀಯ ಪತ್ರಿಕೆಗಳಲ್ಲಿ ಪ್ರಕಟಿಸಬೇಕು. ಅನುಮತಿಯ ಷರತ್ತು ಪಾಲಿಸಿದ ಬಗ್ಗೆ ವರ್ಷಕ್ಕೆರಡು ಸಲ, ಜೂನ್ 1 ಮತ್ತು ಡಿಸೆಂಬರ್ 1ಕ್ಕೆ ವರದಿ ಕೊಡಬೇಕು. ಆ ವರದಿಯಲ್ಲಿ ಸದ್ದಿನ ಅಂಕಿಯಿದ್ದರೆ, ಮೀಟರನ್ನು ಯಾವ ಜಾಗದಲ್ಲಿ, ಯಾವ ಹೊತ್ತಿನಲ್ಲಿ ಇಟ್ಟು ಅಳೆದರು ಅಂತ ನೋಡಬೇಕು. ಗೇಟಿನ ಬಳಿ ಹಗಲು ಹನ್ನೊಂದಕ್ಕೆ ಅಳೆದ ಅಂಕಿಯಿಂದ ನಮ್ಮ ಮಲಗುವ ಕೋಣೆಗೆ ಏನು ಪ್ರಯೋಜನ? ‘ಅಳೆಯುವ ಜಾಗಗಳಲ್ಲಿ ಒಂದು ಈ ಬೇಲಿಯ ಬಳಿ ಇರಲಿ, ಒಂದು ಅಳತೆ ರಾತ್ರಿ 2 ಗಂಟೆಯದಿರಲಿ’ ಅಂತ ಈಗಲೇ ಬರೆದು ಕೊಡೋಣ.

ಕಟ್ಟುವ ಕಾಲದ ಗದ್ದಲ ಬೇರೆಯೇ ಕಥೆ. ಈ ಊರಿನ ಮಣ್ಣು ಸ್ವಲ್ಪ ಕೆದಕಿದರೆ ಕೆಳಗೆ ಬಂಡೆ. ಲಾಲ್‌ಬಾಗಿನ ಗುಡ್ಡದ ಮೇಲೆ ಕಾಣುವ ಅದೇ ಬಂಡೆ, ಮುನ್ನೂರು ಕೋಟಿ ವರ್ಷದಷ್ಟು ಹಳೆಯದು. ಎರಡು ಅಂತಸ್ತಿನ ನೆಲಮಾಳಿಗೆ ಬೇಕು ಅಂದರೆ ಆ ಬಂಡೆಯನ್ನು ಒಡೆಯಲೇಬೇಕು. ಹಿಟಾಚಿಯ ತುದಿಗೆ ಬ್ರೇಕರ್ ಸಿಕ್ಕಿಸಿ ಧಡಧಡ ಅಂತ ತಿಂಗಳುಗಟ್ಟಲೆ ಕುಟ್ಟುತ್ತಾರೆ; ಆ ನಡುಕಕ್ಕೆ ಅಲಮಾರಿನ ಪಾತ್ರೆ ಝಣಗುಟ್ಟುತ್ತವೆ. ಬೇರೆ ದಾರಿ ಇಲ್ಲವೆಂದಲ್ಲ. ಕಲ್ಲಿಗೆ ಸಾಲಾಗಿ ತೂತು ಕೊರೆದು, ಸುಣ್ಣದ ಅಂಶವಿರುವ ಪುಡಿಯನ್ನು ನೀರಲ್ಲಿ ಕಲಸಿ ತುಂಬಿದರೆ, ಅದು ಹಿಗ್ಗಿ ಹಿಗ್ಗಿ ಒಂದು ದಿನದೊಳಗೆ ಬಂಡೆಯನ್ನು ಸದ್ದಿಲ್ಲದೆ ಸೀಳುತ್ತದೆ. ತೂತು ಕೊರೆಯುವ ಸದ್ದು ಉಳಿಯುತ್ತದೆ, ಕುಟ್ಟುವ ಸದ್ದು ಬಹುಪಾಲು ತಪ್ಪುತ್ತದೆ. ಗ್ರಾನೈಟ್ ಕ್ವಾರಿಗಳಲ್ಲಿ ಬಳಸುವ ವಜ್ರದ ತಂತಿಯ ಗರಗಸವೂ ಇದೆ. ನಮ್ಮ ಕಲ್ಲುಕುಟಿಗರು ಬೆಣೆ ಹೊಡೆದು ಚಪ್ಪಡಿ ಎಬ್ಬಿಸುತ್ತಿದ್ದವರು, ಬಂಡೆಯ ಪದರು ಎಲ್ಲಿ ಬಿಡುತ್ತದೆ ಅಂತ ಅವರ ಕೈಗೆ ಗೊತ್ತಿತ್ತು. ಪುಡಿಗೂ ಗರಗಸಕ್ಕೂ ಖರ್ಚು ಹೆಚ್ಚು, ಹೊತ್ತೂ ಹೆಚ್ಚು. ಇಡೀ ಬಂಡೆಗೆ ಬೇಡ, ಮನೆಗಳ ಹತ್ತಿರದ ಅಂಚಿಗಾದರೂ ಬಳಸಿ ಅಂತ ಕೇಳಬಹುದು.

ರಾತ್ರಿ ಹೊತ್ತು ವಸತಿ ಪ್ರದೇಶದಲ್ಲಿ ಸದ್ದು ಮಾಡುವ ನಿರ್ಮಾಣ ಯಂತ್ರ ಓಡಿಸುವಂತಿಲ್ಲ, ಶಬ್ದಮಾಲಿನ್ಯ ನಿಯಮಗಳ 2010ರ ತಿದ್ದುಪಡಿಯಲ್ಲೇ ಇದು ಬಂದಿದೆ. ಕಾಂಕ್ರೀಟ್ ಲಾರಿಗಳಿಗೆ ಹಗಲು ಊರೊಳಗೆ ಬರಲು ಅಡ್ಡಿಯೆಂದು ರಾತ್ರಿಯೇ ಸುರಿಯುವುದು ರೂಢಿಯಾಗಿದೆ. ಆ ರೂಢಿಯನ್ನು ಒಪ್ಪಬಾರದು. ಹಗಲಿನ ಮಟ್ಟಿಗೆ ನಾನು ಹೆಚ್ಚು ಬೆಲೆ ಕೊಡುವುದು ವೇಳಾಪಟ್ಟಿಗೆ. ಬ್ರೇಕರ್ ಹತ್ತರಿಂದ ಒಂದರವರೆಗೆ, ಮತ್ತೆ ಮೂರರಿಂದ ಐದರವರೆಗೆ ಅಂತ ಗೇಟಿನ ಮೇಲೆ ಬರೆದು ಹಾಕಿ ಹಾಗೆಯೇ ನಡೆದುಕೊಂಡರೆ, ರಾತ್ರಿ ಪಾಳಿ ಮುಗಿಸಿ ಬಂದ ನರ್ಸ್ ಮಧ್ಯಾಹ್ನ ಎರಡು ಗಂಟೆಯಾದರೂ ಮಲಗಬಹುದು, ಪರೀಕ್ಷೆಗೆ ಓದುವ ಹುಡುಗಿ ತನ್ನ ಹೊತ್ತು ಹೊಂದಿಸಿಕೊಳ್ಳಬಹುದು. ಯಾವಾಗ ಶುರುವಾಗುತ್ತದೋ ಎಂದು ಕಾಯುವುದೇ ಅರ್ಧ ಹಿಂಸೆ. ಲಾರಿ ಹಿಂದಕ್ಕೆ ಬರುವಾಗಿನ ‘ಪೀಂ ಪೀಂ’ ಇದೆಯಲ್ಲ, ಅದರ ಬದಲು ‘ಶ್ಶ್‌ಶ್ಶ್’ ಅನ್ನುವ ಅಲಾರಂ ಬಂದಿದೆ. ಲಾರಿಯ ಹಿಂದೆ ಇರುವವನಿಗೆ ಚೆನ್ನಾಗಿ ಕೇಳುತ್ತದೆ, ದೂರ ಬಂದಂತೆ ಬೇಗ ಕರಗುತ್ತದೆ.

ಈ ಸದ್ದಿಗೆ ನಮಗಿಂತ ಹತ್ತಿರ ನಿಂತವರು ಇನ್ನೊಬ್ಬರಿದ್ದಾರೆ, ಅವರನ್ನು ಮರೆತರೆ ನಮ್ಮ ದೂರಿಗೆ ಮರ್ಯಾದೆಯಿಲ್ಲ. ಆ ಬ್ರೇಕರ್ ಓಡಿಸುವ ಹುಡುಗ ರಾಯಚೂರಿನವನೋ ಬಿಹಾರದವನೋ, ಇಡೀ ದಿನ ಆ ಸದ್ದಿನ ಬಾಯಲ್ಲೇ ಇರುತ್ತಾನೆ. ಕಾರ್ಖಾನೆಗಳಿಗಾದರೆ 8 ಗಂಟೆಯ ಪಾಳಿಗೆ 90 ಡೆಸಿಬಲ್ ಅಂತ ಮಿತಿಯಿದೆ. ಇಲ್ಲಿ ಅನೇಕರು ಕಿವಿಗೆ ಹತ್ತಿ ಸಿಕ್ಕಿಸಿಕೊಂಡು ಕೆಲಸ ಮಾಡುವುದನ್ನು ನೋಡಿದ್ದೇನೆ. ಹತ್ತಿಯಿಂದ ಕಿವಿ ಉಳಿಯುವುದಿಲ್ಲ, ಹೋದ ಕಿವಿ ಮರಳುವುದಿಲ್ಲ. ನಮ್ಮ ಪತ್ರದಲ್ಲಿ ಅವನ ಇಯರ್‌ಮಫ್ ಬಗ್ಗೆ ಒಂದು ಸಾಲಾದರೂ ಇರಬೇಕು. ಅವನು ಮಲಗುವ ಶೆಡ್ಡೂ ಜನರೇಟರಿನ ಪಕ್ಕದಲ್ಲಿರಬಾರದು.

ಗೋಡೆ, ಮರ ಅಂದಿರಲ್ಲ ನೀವು. ಒಂದು ಸಾಲು ಅಶೋಕ ಮರ ನೆಟ್ಟರೆ ಕಣ್ಣಿಗೆ ತಂಪು, ಕಿವಿಗೆ ಏನೂ ಇಲ್ಲ. ಮರಗಳಿಂದ ಸದ್ದು ತಗ್ಗಬೇಕಾದರೆ ದಟ್ಟವಾಗಿ 30 ಮೀಟರ್ ಅಗಲ ಬೆಳೆಯಬೇಕು, ಆಗಲೂ ಕೆಲವೇ ಡೆಸಿಬಲ್. ಮರ ಬೇಕೇ ಬೇಕು, ನೆರಳಿಗೆ, ಹಕ್ಕಿಗೆ. ಸದ್ದಿನ ಲೆಕ್ಕದಲ್ಲಿ ಅದನ್ನು ತೋರಿಸಿ ಕೈ ತೊಳೆದುಕೊಳ್ಳಬಾರದು. ತಗಡಿನ ಶೀಟು ತೀರ ಹಗುರ, ಕೆಳಗೆ ಸಂದಿ ಬೇರೆ. ಭಾರವಿರುವ, ಸಂದಿಯಿಲ್ಲದ ಇಟ್ಟಿಗೆ ಗೋಡೆ ಬೇಕು. ಸದ್ದಿನ ಮೂಲ ನಮ್ಮ ಕಣ್ಣಿಗೆ ಕಾಣದಷ್ಟು ಅದು ಎತ್ತರವಿದ್ದರೆ ಸುಮಾರು 5 ಡೆಸಿಬಲ್ ತಕ್ಷಣ ಇಳಿಯುತ್ತದೆ, ಇನ್ನೂ ಎತ್ತರಿಸಿದಂತೆ ಇನ್ನಷ್ಟು. ಯಂತ್ರದ ಹತ್ತಿರವೋ ನಮ್ಮ ಹತ್ತಿರವೋ ಕಟ್ಟಿದರೆ ಗುಣ, ನಡುಮಧ್ಯೆ ಕಟ್ಟಿದರೆ ಕಡಿಮೆ. ನಿಮ್ಮ ಮಹಡಿಯ ಕೋಣೆಗೆ ಮಾತ್ರ ಅದರಿಂದ ಲಾಭವಿಲ್ಲ, ಗೋಡೆಯ ಮೇಲಿಂದ ಯಂತ್ರ ಕಾಣುತ್ತದಲ್ಲ. ಅದಕ್ಕೇ ನಾನು ಮತ್ತೆ ಮತ್ತೆ ಹೇಳುವುದು, ಯಂತ್ರದ ಜಾಗವೇ ಮುಖ್ಯ, ಗೋಡೆ ಆಮೇಲಿನ ಮಾತು. ಒಂದು ಒಳ್ಳೆಯದನ್ನೂ ಹೇಳಬೇಕು: ಆ ಟವರುಗಳು ಹೆದ್ದಾರಿಗೂ ನಮಗೂ ನಡುವೆ ಉದ್ದಕ್ಕೆ ನಿಂತರೆ ಈಗ ಕೇಳುವ ಲಾರಿಗಳ ಮೊರೆತ ಕಡಿಮೆಯಾಗಲೂಬಹುದು. ಎದುರುಬದುರು ನಿಂತರೆ ಮಾತ್ರ ಅದೇ ಮೊರೆತ ಗೋಡೆಯಿಂದ ಗೋಡೆಗೆ ಬಡಿದು ನಮ್ಮತ್ತ ಬರುತ್ತದೆ.

ಕ್ಲಬ್‌ಹೌಸ್ ಮರೆತಿದ್ದೆವು ನೋಡಿ. ಮದುವೆ, ನಾಮಕರಣ, ಹೊಸವರ್ಷ, ಎಲ್ಲಕ್ಕೂ ಸ್ಪೀಕರ್. ಖಾಸಗಿ ಜಾಗದ ಸ್ಪೀಕರ್ ಆ ಜಾಗದ ಗಡಿಯಲ್ಲಿ ಪ್ರದೇಶದ ಮಿತಿಗಿಂತ 5 ಡೆಸಿಬಲ್‌ಗೂ ಹೆಚ್ಚು ಮೀರಬಾರದು ಅಂತ ನಿಯಮ. ಆದರೆ ಆ ಅಂಕಿ ಅಳೆಯುವ ವಿಧಾನ ಕೀಚಲು ಸದ್ದಿಗೆ ಹೆಚ್ಚು ತೂಕ ಕೊಡುತ್ತದೆ, ಎದೆ ನಡುಗಿಸುವ ಬಾಸ್‌ಗೆ ಕಡಿಮೆ. ಗೋಡೆ ದಾಟಿ ಬರುವುದು ಆ ಬಾಸೇ. ಹಾಲ್‌ನ ಕಿಟಕಿಗಳು ನಮ್ಮ ಕಡೆಗಿರಬಾರದು, ಟೆರೇಸಿನ ಮೇಲೆ ಸ್ಪೀಕರ್ ಬೇಡ, ಹಾಲ್‌ನ ಸೌಂಡ್ ಸಿಸ್ಟಮ್ಮಿಗೆ ಮಿತಿ ಕಟ್ಟುವ ಲಿಮಿಟರ್ ಇರಲಿ.

ಡಿಸೆಂಬರ್ ಜನವರಿಯ ರಾತ್ರಿ ದೂರದ ರೈಲು ಪಕ್ಕದಲ್ಲೇ ಹೋದಂತೆ ಕೇಳುತ್ತದಲ್ಲ? ನೆಲ ತಣ್ಣಗಾಗಿ ಕೆಳಗೆ ತಂಪು ಗಾಳಿ, ಮೇಲೆ ಬೆಚ್ಚಗಿನ ಗಾಳಿ ನಿಂತಾಗ ಮೇಲಕ್ಕೆ ಹೋಗಬೇಕಾದ ಸದ್ದು ಬಾಗಿ ನೆಲಕ್ಕೇ ಇಳಿಯುತ್ತದೆ. ಯಂತ್ರದ ಸದ್ದಿನ ಲೆಕ್ಕವನ್ನು ಅಂಥ ರಾತ್ರಿಗೂ ಮಾಡಿಸಬೇಕು.

ಟ್ಯಾಂಕರಿನ ಮಾತನ್ನು ಪತ್ರದ ಮೊದಲಲ್ಲೇ ಬರೆಯೋಣ, ಏಕೆಂದರೆ ಯಾವ ವರದಿಯೂ ಅದನ್ನು ಲೆಕ್ಕ ಹಾಕುವುದಿಲ್ಲ. ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿದರೆ ಆರುನೂರು ಮನೆಗೆ ನೀರು ಟ್ಯಾಂಕರಿನಲ್ಲೇ ಬರಬೇಕು, ಬೆಳಗಿನ ಜಾವ ನಾಲ್ಕಕ್ಕೆ ಸಾಲು ನಿಲ್ಲುತ್ತದೆ, ಎಂಜಿನ್ ಆರಿಸುವುದಿಲ್ಲ, ಪಂಪು ಓಡುತ್ತಲೇ ಇರುತ್ತದೆ. ನೀರಿನ ತೊಟ್ಟಿಯ ಬಾಯಿ ಅವರ ಮುಖ್ಯರಸ್ತೆಯ ಕಡೆಗಿರಲಿ, ಟ್ಯಾಂಕರಿಗೆ ಬೆಳಿಗ್ಗೆ 6ರ ಮುಂಚೆ ಗೇಟು ತೆರೆಯಬಾರದು, ಒಳಗೆ ತಿರುಗಿಕೊಂಡು ಹೋಗುವಷ್ಟು ಜಾಗವಿರಲಿ, ಹಿಂದಕ್ಕೆ ತೆಗೆಯುವ ಪೀಂಗುಟ್ಟುವಿಕೆಯೂ ತಪ್ಪಲಿ. ನಿಮ್ಮ ಅಕ್ಷರ ದುಂಡಗೆ ಚೆಂದ, ಪತ್ರ ನೀವೇ ಬರೆಯಿರಿ. ಮೀಟರ್ ಬಾಡಿಗೆಗೆ ತರುವುದು ನನ್ನ ಪಾಲು. ಈ ಬೇಲಿಗೆ ನೇರ ಬೀಳುವುದು ನಿಮ್ಮ ಮಹಡಿಯ ಕೋಣೆಯಾದ್ದರಿಂದ ಶನಿವಾರ ಸಂಜೆ ಆ ಕಡೆಯೇ, ಗೋಡೆಯಿಂದ ಮೂರೂವರೆ ಮೀಟರ್ ಈಚೆಗೆ ಇಡೋಣ.